ಸಾಲಿನಲ್ಲಿ ನಿಲ್ಲಬಲ್ಲವರ ಲಸಿಕೆ

2004ರ ಅಕ್ಟೋಬರ್ 5ರಂದು ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆಯು ಲಿವರ್‌ಪೂಲ್‌ನಲ್ಲಿದ್ದ ಕೈರಾನ್ ಕಂಪನಿಯ ಲಸಿಕೆ ಕಾರ್ಖಾನೆಯ ಪರವಾನಗಿಯನ್ನು ಮೂರು ತಿಂಗಳ ಮಟ್ಟಿಗೆ ಅಮಾನತಿನಲ್ಲಿಟ್ಟಿತು. ಅದರಿಂದಾಗಿ ಅಮೆರಿಕವು ಆ ಚಳಿಗಾಲಕ್ಕೆಂದು ನೆಚ್ಚಿಕೊಂಡಿದ್ದ ಫ್ಲೂ ಲಸಿಕೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು, ಅಂದರೆ ಸುಮಾರು 4.8 ಕೋಟಿ ಡೋಸ್, ಒಂದೇ ದಿನದಲ್ಲಿ ಕೈಬಿಟ್ಟುಹೋಯಿತು. ಆ ಕಂಪನಿಯ ಮುಖ್ಯ ಕಚೇರಿ ಇದ್ದದ್ದು ನಾವು ವಾಸವಾಗಿದ್ದ ಸ್ಯಾನ್‌ಫ್ರಾನ್ಸಿಸ್ಕೊ ಬೇ ಏರಿಯಾದ ಎಮೆರಿವಿಲ್‌ನಲ್ಲೇ. ಆದರೆ ಲಸಿಕೆ ತಯಾರಾಗುತ್ತಿದ್ದದ್ದು ಅಟ್ಲಾಂಟಿಕ್‌ನ ಆಚೆ ದಡದಲ್ಲಿ. ಕೆಲವು ಬ್ಯಾಚ್‌ಗಳ ಲಸಿಕೆಯಲ್ಲಿ ಸೆರೇಶಿಯಾ ಎಂಬ ಬ್ಯಾಕ್ಟೀರಿಯಾ ಸೇರಿಕೊಂಡಿದೆ ಎಂಬ ಸುದ್ದಿ ಆಗಸ್ಟ್ ಕೊನೆಯಲ್ಲೇ ಹೊರಬಂದಿತ್ತಾದರೂ, ಸರಬರಾಜು ಸ್ವಲ್ಪ ತಡವಾಗುತ್ತದೆ ಅಷ್ಟೇ ಎಂದು ಎಲ್ಲರೂ ಸಮಾಧಾನದಿಂದ ಇದ್ದರು. ಹೊಸದಾಗಿ ತಯಾರಿಸೋಣವೆಂದರೆ ಫ್ಲೂ ಲಸಿಕೆಯು ಬೇಕೆಂದಾಗ ಹೆಚ್ಚು ಮಾಡಿಕೊಳ್ಳುವ ವಸ್ತುವಲ್ಲ. ಕೋಳಿಮೊಟ್ಟೆಯೊಳಗೆ ವೈರಸ್ಸನ್ನು ಬೆಳೆಸಿ, ಅದನ್ನು ನಿಷ್ಕ್ರಿಯಗೊಳಿಸಿ, ಶುದ್ಧಮಾಡಿ, ಪರೀಕ್ಷಿಸಿ ಶೀಶೆಗೆ ತುಂಬುವ ಹೊತ್ತಿಗೆ ಅರ್ಧ ವರ್ಷ ಕಳೆದಿರುತ್ತದೆ. ಅಕ್ಟೋಬರಿನಲ್ಲಿ ಕಳೆದುಹೋದದ್ದನ್ನು ಡಿಸೆಂಬರಿನೊಳಗೆ ತುಂಬಿಕೊಳ್ಳುವ ದಾರಿ ಯಾರ ಬಳಿಯೂ ಇರಲಿಲ್ಲ.

ಉಳಿದ ದೊಡ್ಡ ತಯಾರಕರೆಂದರೆ ಪೆನ್ಸಿಲ್ವೇನಿಯಾದಲ್ಲಿ ಕಾರ್ಖಾನೆಯಿದ್ದ ಅವೆಂಟಿಸ್ ಪಾಶ್ಚರ್ ಒಂದೇ. ಅವರ ಸುಮಾರು 5.5 ಕೋಟಿ ಡೋಸುಗಳಲ್ಲಿ 3.3 ಕೋಟಿಯಷ್ಟು ಆಗಲೇ ಕಾರ್ಖಾನೆಯಿಂದ ಹೊರಟುಹೋಗಿದ್ದವು. ಮಿಕ್ಕದ್ದನ್ನು ಎಲ್ಲಿಗೆ ಕಳಿಸಬೇಕೆಂಬುದನ್ನು ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿಯು ಕಂಪನಿಯ ಜೊತೆ ಕುಳಿತು ತೀರ್ಮಾನಿಸತೊಡಗಿತು. ಲಸಿಕೆಯನ್ನು ಯಾರಿಗೆ ಮೊದಲು ಕೊಡಬೇಕೆಂಬ ಪಟ್ಟಿಯೂ ಅದೇ 5ನೆಯ ತಾರೀಕಿನಂದೇ ಪ್ರಕಟವಾಯಿತು. ಆರು ತಿಂಗಳಿಂದ ಎರಡು ವರ್ಷದೊಳಗಿನ ಮಕ್ಕಳು, 65 ವರ್ಷ ತುಂಬಿದವರು, ಸಕ್ಕರೆ ಕಾಯಿಲೆ, ಹೃದಯ ಮತ್ತು ಶ್ವಾಸಕೋಶದ ಕಾಯಿಲೆಯಂಥ ದೀರ್ಘಕಾಲದ ತೊಂದರೆಯಿರುವವರು, ಗರ್ಭಿಣಿಯರು, ಶುಶ್ರೂಷಾಲಯಗಳಲ್ಲಿ ಇರುವ ವೃದ್ಧರು, ನಿತ್ಯ ಆಸ್ಪಿರಿನ್ ತೆಗೆದುಕೊಳ್ಳಬೇಕಾದ ಮಕ್ಕಳು, ರೋಗಿಗಳನ್ನು ನೇರವಾಗಿ ಮುಟ್ಟಿ ಆರೈಕೆ ಮಾಡುವ ಆಸ್ಪತ್ರೆ ಸಿಬ್ಬಂದಿ, ಮತ್ತು ಆರು ತಿಂಗಳೊಳಗಿನ ಕೂಸಿರುವ ಮನೆಯವರು. ಬೇರೆಯವರೆಲ್ಲ ಈ ವರ್ಷ ಲಸಿಕೆಯನ್ನು ಬಿಟ್ಟುಕೊಡಬೇಕೆಂದು ಕೋರಲಾಗಿತ್ತು.

ಆಗ ನಾನು ಐದು ತಿಂಗಳು ತುಂಬಿದ ಬಸುರಿ. ಬಾಣಂತನಕ್ಕೆಂದು ಮೈಸೂರಿನಿಂದ ಅಮ್ಮ ಬಂದಿಳಿದಿದ್ದರು. ಅವರಿಗೆ ಅರವತ್ತೇಳು ವರ್ಷ, ಬಹುಕಾಲದ ಸಕ್ಕರೆ ಕಾಯಿಲೆ, ಮೇಲಿಂದ ಮಂಡಿನೋವು. ಹೀಗೆ ನಮ್ಮ ಮನೆಯ ಮೂವರಲ್ಲಿ ಇಬ್ಬರು ಪಟ್ಟಿಯಲ್ಲಿದ್ದೆವು, ಅಮ್ಮನಂತೂ ವಯಸ್ಸು ಮತ್ತು ಕಾಯಿಲೆ ಎರಡು ಕಾರಣಕ್ಕೂ. ಹಿಂದಿನ ಚಳಿಗಾಲದಲ್ಲಿ ಫುಜಿಯಾನ್ ಹೆಸರಿನ ವೈರಸ್ ತಳಿಯು ಆ ವರ್ಷದ ಲಸಿಕೆಗೆ ಸರಿಯಾಗಿ ಹೊಂದದೆ ಹರಡಿ, ದೇಶದಲ್ಲಿ 153 ಮಕ್ಕಳು ತೀರಿಕೊಂಡಿದ್ದರು. ಆ ಸುದ್ದಿಯನ್ನು ಟಿ.ವಿ.ಯಲ್ಲಿ ದಿನವೂ ನೋಡಿದ್ದ ಜನ ಈ ಸಲ ಲಸಿಕೆಗಾಗಿ ಮೊದಲೇ ಕಾದು ಕುಳಿತಿದ್ದರು. ಗರ್ಭಿಣಿಯರು ಮೊದಲ ಮೂರು ತಿಂಗಳು ಕಳೆಯುವವರೆಗೆ ಕಾಯಬೇಕೆಂಬ ಹಳೆಯ ಸಲಹೆಯನ್ನು ಅದೇ ವರ್ಷ ಕೈಬಿಟ್ಟು, ಯಾವ ತಿಂಗಳಲ್ಲಾದರೂ ಹಾಕಿಸಿಕೊಳ್ಳಬಹುದೆಂದು ಹೇಳಲಾಗಿತ್ತು. ನನ್ನ ಹೆರಿಗೆ ವೈದ್ಯೆಯೂ ಸೆಪ್ಟೆಂಬರಿನಲ್ಲೇ, ಮುಂದಿನ ಸಲ ಬಂದಾಗ ಹಾಕಿಬಿಡೋಣ ಎಂದಿದ್ದರು.

ಮುಂದಿನ ಸಲ ಹೋದಾಗ ಅವರಲ್ಲಿ ಒಂದು ಡೋಸೂ ಇರಲಿಲ್ಲ. ಅವರ ಆಸ್ಪತ್ರೆ ತನ್ನ ಬೇಡಿಕೆಯನ್ನೆಲ್ಲ ಕೈರಾನ್‌ಗೇ ಸಲ್ಲಿಸಿತ್ತಂತೆ. ಯಾವ ಕಂಪನಿಗೆ ಯಾರು ಬೇಡಿಕೆ ಕೊಟ್ಟಿದ್ದರು ಎಂಬ ಅದೃಷ್ಟದ ಮೇಲೆ ಆ ವರ್ಷ ಎಲ್ಲವೂ ನಿಂತಿತ್ತು. ನನ್ನ ಗೆಳತಿಯೊಬ್ಬಳ ಕಚೇರಿಯಲ್ಲಿ, ಇಪ್ಪತ್ತು ಮೂವತ್ತರ ಹರೆಯದ ಗಟ್ಟಿಮುಟ್ಟಾದ ತಂತ್ರಾಂಶದ ಹುಡುಗ ಹುಡುಗಿಯರಿಗೆ ಸೆಪ್ಟೆಂಬರ್ ಕೊನೆಯಲ್ಲೇ ಕ್ಯಾಂಟೀನಿನ ಪಕ್ಕದ ಕೋಣೆಯಲ್ಲಿ ಲಸಿಕೆ ಹಾಕಿ ಮುಗಿಸಿದ್ದರು. ಅವರಿಗೆ ಸಿಕ್ಕಿದ್ದು ಇನ್ನೊಂದು ಕಂಪನಿಯ ಮಾಲು. ಹೆರಿಗೆ ವೈದ್ಯರ ಬಳಿ, ವೃದ್ಧರನ್ನು ನೋಡುವ ವೈದ್ಯರ ಬಳಿ ಇಲ್ಲದ ಲಸಿಕೆ ಕಚೇರಿಗಳಲ್ಲಿ ಮತ್ತು ಕಿರಾಣಿ ಅಂಗಡಿಗಳಲ್ಲಿ ಇತ್ತು. ಸಾರ್ವಜನಿಕ ಲಸಿಕಾ ಶಿಬಿರಗಳಿಗೆ ಅಷ್ಟೊಂದು ಜನ ಮುಗಿಬಿದ್ದದ್ದಕ್ಕೆ ಇದೇ ಕಾರಣ. ಬೇರೆ ವರ್ಷಗಳಲ್ಲಿ ತಮ್ಮ ವೈದ್ಯರಲ್ಲೇ ಹಾಕಿಸಿಕೊಂಡು ಮನೆಗೆ ಹೋಗುತ್ತಿದ್ದ ವೃದ್ಧರೆಲ್ಲ ಆ ವರ್ಷ ಬೀದಿಗೆ ಬಂದರು.

ಅಂಗಡಿಗಳ ಮುಂದಿನ ಸಾಲನ್ನು ನಾವು ಕಣ್ಣಾರೆ ಕಂಡೆವು. ಬೆಳಗಿನ ಚಳಿಯಲ್ಲಿ, ಬಾಗಿಲು ತೆರೆಯುವುದಕ್ಕೆ ಗಂಟೆಗಟ್ಟಲೆ ಮೊದಲೇ, ಮಡಚುವ ಕುರ್ಚಿ, ಕಂಬಳಿ, ಕಾಫಿಯ ಫ್ಲಾಸ್ಕು ಹಿಡಿದು ಬಂದ ಅಜ್ಜ ಅಜ್ಜಿಯರು ಕಟ್ಟಡದ ಮೂಲೆ ದಾಟಿ ವಾಹನ ನಿಲುಗಡೆಯ ಕೊನೆಯವರೆಗೂ ನಿಂತಿರುತ್ತಿದ್ದರು. ಕೆಲವರ ಮೂಗಿಗೆ ಆಮ್ಲಜನಕದ ಕೊಳವೆ. ನಮಗೆ ಹತ್ತಿರದಲ್ಲೇ ಇದ್ದ ಕಾಂಟ್ರಾ ಕೋಸ್ಟಾ ಕೌಂಟಿಯಲ್ಲಿ, ಹೀಗೆ ಬಹಳ ಹೊತ್ತು ಕಾದು ನಿಂತಿದ್ದ 79 ವರ್ಷದ ಮಹಿಳೆಯೊಬ್ಬರು ಕುಸಿದು ಬಿದ್ದು, ತಲೆಗೆ ಪೆಟ್ಟಾಗಿ ತೀರಿಕೊಂಡರು. ಚುನಾವಣೆಯ ಕಾಲವಾದ್ದರಿಂದ ಈ ಕೊರತೆಯು ರಾಜಕೀಯವೂ ಆಯಿತು. ಅಕ್ಟೋಬರ್ 13ರ ಚರ್ಚೆಯಲ್ಲಿ ಅಧ್ಯಕ್ಷ ಬುಷ್ ಅವರು ತಾವು ಈ ಸಲ ಲಸಿಕೆ ಹಾಕಿಸಿಕೊಂಡಿಲ್ಲ, ಹಾಕಿಸಿಕೊಳ್ಳುವುದೂ ಇಲ್ಲ, ಆರೋಗ್ಯವಂತರೂ ಹಾಗೆಯೇ ಮಾಡಲಿ ಎಂಬರ್ಥದ ಮಾತಾಡಿದರು. ಆ ಮಾತನ್ನು ಆರೋಗ್ಯವಂತರಿಗಿಂತ ಹೆಚ್ಚಾಗಿ ವೃದ್ಧರೇ ಮನಸ್ಸಿಗೆ ಹಚ್ಚಿಕೊಂಡರೇನೋ ಎಂದು ನನಗೆ ಆಮೇಲೆ ಅನ್ನಿಸಿದ್ದುಂಟು.

ನಮ್ಮ ಕೌಂಟಿಯ ಆರೋಗ್ಯ ಇಲಾಖೆಯು ದೂರವಾಣಿ ಸಂಖ್ಯೆಯೊಂದನ್ನು ಪ್ರಕಟಿಸಿತ್ತು. ಆ ಸಂಖ್ಯೆಗೆ ಕರೆ ಮಾಡಿದರೆ ಮುದ್ರಿಸಿಟ್ಟ ಧ್ವನಿಯು ಪಟ್ಟಿಯನ್ನು ಓದಿ, ಶಿಬಿರಗಳ ದಿನಾಂಕ ಮತ್ತು ಸ್ಥಳಗಳನ್ನು ಮುಂದೆ ತಿಳಿಸಲಾಗುವುದು ಎಂದು ಹೇಳಿ ನಿಂತುಬಿಡುತ್ತಿತ್ತು. ಅಮ್ಮನದು ಪ್ರವಾಸಿ ವೀಸಾ, ಪ್ರಯಾಣದ ವಿಮೆ. ಆ ವಿಮೆಯಡಿ ಕಾಯಿಲೆ ಬಂದರೆ ಚಿಕಿತ್ಸೆ ಉಂಟೇ ಹೊರತು ಕಾಯಿಲೆ ಬಾರದಂತೆ ತಡೆಯುವ ಲಸಿಕೆಗೆ ಚಿಕ್ಕಾಸೂ ಇಲ್ಲ. ಅಲ್ಲಿಯ ಹಿರಿಯರಿಗೆ ಮೆಡಿಕೇರ್ ಎಂಬ ಸರ್ಕಾರಿ ವಿಮೆಯು ಫ್ಲೂ ಲಸಿಕೆಯ ಖರ್ಚು ಕೊಡುತ್ತದೆ, ನಮ್ಮಂಥ ಮನೆಗಳಿಗೆ ಬಂದುಹೋಗುವ ತಾಯ್ತಂದೆಯರಿಗೆ ಅದೂ ಇಲ್ಲ. ಪ್ರವಾಸಿಗೆ ಈ ಕೊರತೆಯ ನಡುವೆ ಕೊಡುತ್ತಾರೋ ಇಲ್ಲವೋ ಎಂಬ ಅಳುಕಿನಿಂದಲೇ ನಾನು ಕೊನೆಗೊಮ್ಮೆ ಸಿಕ್ಕ ಮನುಷ್ಯ ಧ್ವನಿಯನ್ನು ಕೇಳಿದೆ. ಆಕೆ ಕೇಳಿದ್ದು ವಯಸ್ಸು ಮತ್ತು ಕಾಯಿಲೆ ಎರಡನ್ನೇ. ಯಾವ ದೇಶ, ಯಾವ ವೀಸಾ ಎಂದು ಆಗಲೂ ಕೇಳಲಿಲ್ಲ, ಶಿಬಿರದಲ್ಲಿಯೂ ಯಾರೂ ಕೇಳಲಿಲ್ಲ. ಸಾಂಕ್ರಾಮಿಕ ರೋಗ ಪಾಸ್‌ಪೋರ್ಟ್ ನೋಡಿ ಹರಡುವುದಿಲ್ಲವಾದ್ದರಿಂದ ಇದರಲ್ಲಿ ವಿಶೇಷವೇನೂ ಇಲ್ಲವೆಂದು ಈಗ ಹೇಳಬಹುದು, ಆಗ ಮಾತ್ರ ನನಗೆ ದೊಡ್ಡ ಹೊರೆ ಇಳಿದಂತಾಯಿತು.

ಮೊದಲ ಶಿಬಿರ ನಡೆದದ್ದು ಒಂದು ಸಮುದಾಯ ಭವನದಲ್ಲಿ. ಬೆಳಿಗ್ಗೆ ಒಂಬತ್ತಕ್ಕೆ ಆರಂಭ ಎಂದಿದ್ದರಿಂದ ನಾವು ಏಳಕ್ಕೇ ಹೋದೆವು. ಅಷ್ಟರಲ್ಲಿ ಸಾಲು ಭವನವನ್ನು ಒಂದು ಸುತ್ತು ಹಾಕಿ ಪಕ್ಕದ ಉದ್ಯಾನದೊಳಗೆ ಹೊಕ್ಕಿತ್ತು. ಗರ್ಭಿಣಿಯೆಂದು ಯಾರೋ ನನಗೆ ಕುರ್ಚಿ ಕೊಟ್ಟರು, ನಾನು ಅದನ್ನು ಅಮ್ಮನಿಗೆ ಕೊಟ್ಟೆ, ಅಮ್ಮ ಅದನ್ನು ಹಿಂದೆ ನಿಂತಿದ್ದ ಕೋಲೂರಿಕೊಂಡ ಚೀನೀ ಅಜ್ಜನಿಗೆ ಕೊಟ್ಟರು. ಒಂಬತ್ತಾಗಿ, ಹತ್ತಾಗಿ, ಸಾಲು ನಾಲ್ಕು ಹೆಜ್ಜೆ ಸರಿಯಿತು. ಹನ್ನೊಂದರ ಸುಮಾರಿಗೆ ಕಿತ್ತಳೆ ಬಣ್ಣದ ಮೇಲಂಗಿ ತೊಟ್ಟ ಸ್ವಯಂಸೇವಕನೊಬ್ಬ ಸಾಲಿನುದ್ದಕ್ಕೂ ತಲೆ ಎಣಿಸುತ್ತ ಬಂದು, ನಮಗಿಂತ ಬಹಳ ಮುಂದೆಯೇ ಒಂದು ಕಡೆ ನಿಂತು, ಇಲ್ಲಿಂದ ಹಿಂದಿರುವವರಿಗೆ ಇವತ್ತು ಲಸಿಕೆ ಇಲ್ಲವೆಂದು ಕೈ ಮುಗಿಯುವ ಧಾಟಿಯಲ್ಲಿ ಹೇಳಿದ. ಯಾರೂ ಕೂಗಾಡಲಿಲ್ಲ. ಕೋಲೂರಿದ್ದ ಅಜ್ಜ ಕುರ್ಚಿಯನ್ನು ಮಡಚಿ, ಯಾರದೆಂದು ವಿಚಾರಿಸಿ, ಹಿಂತಿರುಗಿಸಿ ಹೊರಟುಹೋದರು. ಹೆಚ್ಚಿನವರು ಮೊದಲೇ ಹೋಗಿಬಿಟ್ಟಿದ್ದರು. ಹತ್ತು ಗಂಟೆಯ ನಂತರ ಸಾಲು ಮುಂದೆ ಸರಿದದ್ದು ಒಳಗೆ ಲಸಿಕೆ ಹಾಕಿದ್ದರಿಂದ ಅಷ್ಟೇ ಅಲ್ಲ, ನಿಲ್ಲಲಾರದವರು ಒಬ್ಬೊಬ್ಬರಾಗಿ ಸಾಲು ಬಿಟ್ಟುಹೋದದ್ದರಿಂದಲೂ ಹೌದು.

ಅಲ್ಲಿ ನಿಂತಿದ್ದಾಗ ನನಗೆ ತಟ್ಟಿದ ಸಂಗತಿ ಇದು. ಅಟ್ಲಾಂಟಾದ ಸಿಡಿಸಿ ಕಚೇರಿಯಲ್ಲಿ ಕುಳಿತ ತಜ್ಞರು ಪಟ್ಟಿಯನ್ನು ಮಾಡಿದ್ದು ಯಾರು ಎಲ್ಲರಿಗಿಂತ ದುರ್ಬಲರೋ ಅವರಿಗೆ ಲಸಿಕೆ ಮುಟ್ಟಲಿ ಎಂದು. ಆದರೆ ಆ ಪಟ್ಟಿಯಲ್ಲಿದ್ದವರನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸಿ ಮೊದಲು ಬಂದವರಿಗೆ ಮೊದಲು ಎಂದಾಗ, ದುರ್ಬಲರಲ್ಲಿ ಎಲ್ಲರಿಗಿಂತ ಗಟ್ಟಿಯಾಗಿರುವವರಿಗೆ ಮಾತ್ರ ಅದು ಸಿಗುತ್ತದೆ. ಬೆಳಿಗ್ಗೆ ಐದಕ್ಕೆ ಎದ್ದು ಕಾರು ಓಡಿಸಬಲ್ಲ ಎಪ್ಪತ್ತರವರಿಗೆ, ಜೊತೆಗೆ ಬಂದು ನಿಲ್ಲಲು ಮಕ್ಕಳಿರುವವರಿಗೆ, ಮೂತ್ರಕ್ಕೆ ಪದೇ ಪದೇ ಹೋಗಬೇಕಿಲ್ಲದವರಿಗೆ. ಮಂಡಿ ಹೋದವರು, ಉಬ್ಬಸದವರು, ಒಂಟಿಯಾಗಿರುವವರು ತಾವೇ ಕಳಚಿಕೊಳ್ಳುತ್ತಾರೆ, ಮತ್ತು ಅವರು ಕಳಚಿಕೊಂಡದ್ದು ಯಾವ ಲೆಕ್ಕಕ್ಕೂ ಬರುವುದಿಲ್ಲ. ಶಿಬಿರ ಮುಗಿದಾಗ ಇಷ್ಟು ಡೋಸ್ ಅರ್ಹರಿಗೇ ಹಾಕಲಾಯಿತು ಎಂದು ಬರೆದುಕೊಂಡರೆ ಅದು ಸತ್ಯವೇ ಆಗಿರುತ್ತದೆ.

ಅಮ್ಮನಿಗೆ ಇದರಲ್ಲಿ ಅಚ್ಚರಿಯೇನೂ ಕಾಣಲಿಲ್ಲ. ಅಚ್ಚರಿಯಾದದ್ದು ಸಾಲು ನಡೆಸಲು ಇವರಿಗೆ ಬಾರದಲ್ಲ ಎಂದು. "ನಮ್ಮ ಸೊಸೈಟಿ ಅಂಗಡಿ ಮುಂದೆ ಸೀಮೆಎಣ್ಣೆಗೆ ನಾವೆಲ್ಲ ನಿಂತ್ಕೊಂಡೇ ಇರ್ತಿದ್ವೇನೇ? ಡಬ್ಬಗಳನ್ನ ಸಾಲಾಗಿ ಇಟ್ಟು, ಮರದ ನೆರಳಲ್ಲಿ ಕೂತ್ಕೊಂಡು ಬೇಳೆ ಆರಿಸ್ತಿದ್ವಿ. ಡಬ್ಬ ನಿಂತ್ಕೊಳ್ಳುತ್ತೆ, ಮನುಷ್ಯರು ಯಾಕೆ ನಿಲ್ಬೇಕು?" ಎಂದರು. ಮನೆಗೆ ಹೋಗುವ ದಾರಿಯುದ್ದಕ್ಕೂ ಇದನ್ನೇ ನನ್ನ ಪತಿಗೆ ವಿವರಿಸಿದರು. ಅವರು ಗೌರವದಿಂದ ಕೇಳಿಸಿಕೊಂಡರು.

ಇದೇ ಟೀಕೆ ಬೇರೆಯವರಿಂದಲೂ ಹೋಗಿರಬೇಕು. ಅನಂತರದ ಶಿಬಿರಕ್ಕೆ ಇಲಾಖೆಯು ಪದ್ಧತಿಯನ್ನು ಬದಲಿಸಿತು. ಅಂದು ಬೆಳಿಗ್ಗೆ ಬಾಗಿಲಲ್ಲೇ ಸಂಖ್ಯೆ ಬರೆದ ಚೀಟಿಗಳನ್ನು ಹಂಚಿದರು, ಆ ದಿನ ಇರುವ ಡೋಸುಗಳಷ್ಟೇ ಚೀಟಿ. ಚೀಟಿಯ ಮೇಲೆ ಇಂಥ ಗಂಟೆಗೆ ಬನ್ನಿ ಎಂದು ಸಮಯವೂ ಇತ್ತು. ಚೀಟಿ ಪಡೆಯುವುದಕ್ಕೆ ರೋಗಿಯೇ ಬರಬೇಕಿರಲಿಲ್ಲ, ಮನೆಯವರು ಬಂದು ಹೆಸರು, ವಯಸ್ಸು, ಕಾರಣ ಹೇಳಿ ಪಡೆಯಬಹುದಿತ್ತು. ನನ್ನ ಪತಿ ನಸುಕಿನಲ್ಲಿ ಹೋಗಿ ನಮ್ಮಿಬ್ಬರ ಚೀಟಿ ತಂದರು, ನಾವು ಉಪ್ಪಿಟ್ಟು ತಿಂದು, ಮಾತ್ರೆ ನುಂಗಿ, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಹೋದೆವು. ಗಾಲಿಕುರ್ಚಿಯವರಿಗೂ ಆಮ್ಲಜನಕದವರಿಗೂ ಪಕ್ಕದ ಬಾಗಿಲಿನಿಂದ ಬೇರೆ ದಾರಿ ಮಾಡಿದ್ದರು. ಚೀಟಿ ಸಿಗದವರಿಗೆ ಬೆಳಗಿನ ಆರೂವರೆಗೇ ಇವತ್ತು ಇಲ್ಲವೆಂದು ಗೊತ್ತಾಗಿತ್ತು, ಹನ್ನೊಂದರವರೆಗೆ ಚಳಿಯಲ್ಲಿ ನಿಂತ ಮೇಲಲ್ಲ. ಇಲ್ಲ ಎಂಬ ಮಾತನ್ನು ಆದಷ್ಟು ಬೇಗ ಹೇಳುವುದು ಕೊರತೆಯ ಕಾಲದ ಶಿಬಿರವೊಂದು ಮಾಡಬಹುದಾದ ಬಹು ದೊಡ್ಡ ಉಪಕಾರ. ನಸುಕಿನಲ್ಲಿ ಕಳಿಸಲು ಮನೆಯಲ್ಲಿ ಯಾರೂ ಇಲ್ಲದವರ ಕಷ್ಟ ಇದರಿಂದಲೂ ಪರಿಹಾರವಾಗಲಿಲ್ಲ ಎಂಬುದನ್ನೂ ಹೇಳಬೇಕು.

ಒಳಗೆ ಮೊದಲ ಮೇಜಿನಲ್ಲಿ ಒಂದು ಹಾಳೆಯ ಅರ್ಜಿ. ಅರ್ಹತೆಯ ಕಾರಣಗಳ ಮುಂದೆ ಚೌಕಗಳಿದ್ದವು, ನಮಗೆ ಅನ್ವಯಿಸುವ ಚೌಕದಲ್ಲಿ ಗುರುತು ಹಾಕಿ ಕೆಳಗೆ ಸಹಿ ಮಾಡಬೇಕು. ಅಷ್ಟೇ. ವಯಸ್ಸಿನ ದಾಖಲೆ ಕೇಳಲಿಲ್ಲ, ವೈದ್ಯರ ಪತ್ರ ಕೇಳಲಿಲ್ಲ, ನನ್ನ ಹೊಟ್ಟೆಯಂತೂ ತಾನೇ ದಾಖಲೆಯಾಗಿತ್ತು. ನಮ್ಮ ಮುಂದೆ ಕ್ರೀಡಾಪಟುವಿನಂಥ ಮೈಕಟ್ಟಿನ, ನಲವತ್ತರ ಒಳಗಿನ ಒಬ್ಬ ವ್ಯಕ್ತಿ ಇದ್ದ. ಸುತ್ತಲಿನವರೆಲ್ಲ ಅವನನ್ನು ಬಿಟ್ಟ ಕಣ್ಣಿನಿಂದ ನೋಡುತ್ತಿದ್ದರು, ನಾನೂ ನೋಡಿದೆ. ಅವನಿಗೂ ಅದು ತಿಳಿದು, ಯಾರೂ ಕೇಳದಿದ್ದರೂ ಜೇಬಿನಿಂದ ಉಬ್ಬಸದ ಇನ್‌ಹೇಲರ್ ತೆಗೆದು ಮೇಜಿನ ಮೇಲಿಟ್ಟ. ಮೇಜಿನ ಹಿಂದಿದ್ದ ಮಹಿಳೆ ಅದನ್ನು ಅವನ ಕೈಗೇ ಮರಳಿಸಿ, ನಿಮ್ಮ ಸಹಿ ಸಾಕು ಎಂದರು. ನಂಬಿಕೆಯ ಮೇಲೆ ನಡೆಯುವ ಪದ್ಧತಿಯಲ್ಲಿ ನಾಲ್ಕು ಜನ ಸುಳ್ಳು ಹೇಳಿ ಪಡೆದಿರಬಹುದು. ಆದರೆ ದಾಖಲೆ ಕೇಳಿದ್ದರೆ ಅದನ್ನು ಹೊಂದಿಸಲಾರದೆ ಹಿಂದಿರುಗುವವರು ಯಾರು ಎಂದು ಯೋಚಿಸಿದರೆ, ಅವರು ಈ ನಾಲ್ಕು ಜನರಂಥವರಾಗಿರುವುದಿಲ್ಲ. ಸುಳ್ಳುಗಾರನಿಗೆ ಕಾಗದ ಹೊಂದಿಸುವುದು ಕಷ್ಟವಲ್ಲ.

ಎರಡನೆಯ ಮೇಜಿನಲ್ಲಿ ದಾದಿಯೊಬ್ಬರು ಪ್ರಶ್ನೆ ಕೇಳುತ್ತಿದ್ದರು. ಇವತ್ತು ಜ್ವರವಿದೆಯೇ, ಹಿಂದೆ ಯಾವುದಾದರೂ ಲಸಿಕೆಯಿಂದ ತೊಂದರೆಯಾಗಿತ್ತೇ, ಗಿಯಾನ್ ಬಾರೆ ಎಂಬ ನರಗಳ ಕಾಯಿಲೆ ಎಂದಾದರೂ ಬಂದಿತ್ತೇ, ಮೊಟ್ಟೆ ತಿಂದರೆ ಅಲರ್ಜಿಯಾಗುತ್ತದೆಯೇ. ಲಸಿಕೆ ಮೊಟ್ಟೆಯಲ್ಲಿ ಬೆಳೆದದ್ದಾದ್ದರಿಂದ ಈ ಕೊನೆಯ ಪ್ರಶ್ನೆ ಆಗ ಕಡ್ಡಾಯ. ನಾನು ಅದನ್ನು ಕನ್ನಡಕ್ಕೆ ತಿರುಗಿಸಿ ಕೇಳಿದಾಗ ಅಮ್ಮ, "ಜನ್ಮದಲ್ಲಿ ಮುಟ್ಟಿಲ್ಲ ಅಂತ ಹೇಳು" ಎಂದರು. ದಾದಿ ಪೆನ್ನನ್ನು ಎತ್ತಿ ಹಿಡಿದು ಸುಮ್ಮನಾದರು. ಹೌದು, ಇಲ್ಲ ಎರಡೇ ಚೌಕ, ಗೊತ್ತಿಲ್ಲ ಎಂಬುದಕ್ಕೆ ಜಾಗವಿರಲಿಲ್ಲ. ಕೇಕ್ ತಿಂದಿದ್ದಾರೆಯೇ ಎಂದು ಕೇಳಿದರು. ಈ ಪ್ರಶ್ನೆಯನ್ನು ಅನುವಾದಿಸುವಾಗ ನನಗೆ ಸ್ವಲ್ಪ ಸಂಕಟವಾಯಿತು, ಏಕೆಂದರೆ ನಾನು ಇದೇ ದೇಶದಲ್ಲಿ ಬೇಯಿಸಿ ಅಮ್ಮನಿಗೆ ಕೊಟ್ಟಿದ್ದ ಕೇಕು ಮೊಟ್ಟೆಯಿಲ್ಲದ್ದು, ಆದರೆ ಮೈಸೂರಿನಲ್ಲಿ ನನ್ನ ತಮ್ಮನ ಹುಟ್ಟುಹಬ್ಬಗಳಿಗೆ ಬೇಕರಿಯಿಂದ ತರುತ್ತಿದ್ದ ಕೇಕುಗಳ ವಿಚಾರವನ್ನು ನಮ್ಮ ಮನೆಯಲ್ಲಿ ಯಾರೂ ಕೆದಕುತ್ತಿರಲಿಲ್ಲ. ಅಮ್ಮ ಒಂದು ಕ್ಷಣ ನನ್ನ ಮುಖ ನೋಡಿ, "ಬೇಕರಿ ಕೇಕ್ ತಿಂದಿದೀನಿ, ಏನೂ ಆಗಿಲ್ಲ ಅಂತ ಬರ್ಕೊಳ್ಳಲಿ" ಎಂದರು. ದಾದಿ ಇಲ್ಲ ಎಂಬ ಚೌಕದಲ್ಲಿ ಗುರುತು ಹಾಕಿದರು. ಲಸಿಕೆಗೆ ಮೊಟ್ಟೆಯ ಸಂಬಂಧವಿದೆಯೆಂದು ತಿಳಿದ ಮೇಲೆ ಅಮ್ಮ ಹಿಂದೇಟು ಹಾಕುತ್ತಾರೇನೋ ಎಂದುಕೊಂಡಿದ್ದೆ. ಅವರು, ಔಷಧಕ್ಕೆ ದೋಷವಿಲ್ಲ ಎಂದು ಆ ಮಾತನ್ನು ಅಲ್ಲಿಗೇ ಮುಗಿಸಿದರು.

ನನ್ನ ಸರದಿಯಲ್ಲಿ ಬೇರೆ ಮಾತು ಬಂತು. ಆಗಿನ ಹತ್ತು ಡೋಸಿನ ಶೀಶೆಗಳಲ್ಲಿ ಥೈಮೆರೊಸಾಲ್ ಎಂಬ ಪಾದರಸದ ಅಂಶವಿರುವ ಸಂರಕ್ಷಕ ಇರುತ್ತಿತ್ತು, ಸೂಜಿಯನ್ನು ಮತ್ತೆ ಮತ್ತೆ ಚುಚ್ಚುವಾಗ ಬ್ಯಾಕ್ಟೀರಿಯಾ ಸೇರದಂತೆ ಅದನ್ನು ಹಾಕುತ್ತಿದ್ದರು. ಗರ್ಭಿಣಿಯರಿಗೂ ಪುಟ್ಟ ಮಕ್ಕಳಿಗೂ ಇಂಥ ಲಸಿಕೆಯನ್ನು ಕೊಡಬಾರದೆಂಬ ಕಾನೂನಿಗೆ ಅದೇ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ರಾಜ್ಯಪಾಲರ ಸಹಿ ಬಿದ್ದಿತ್ತು, ಜಾರಿಗೆ ಬರುವುದು ಮಾತ್ರ 2006ರ ಜುಲೈನಿಂದ. ಸಿಡಿಸಿಯ ಪ್ರಕಾರ ಗರ್ಭಿಣಿಯರು ಎರಡರಲ್ಲಿ ಯಾವುದನ್ನಾದರೂ ತೆಗೆದುಕೊಳ್ಳಬಹುದಿತ್ತು. ಸಂರಕ್ಷಕವಿಲ್ಲದ ಒಂಟಿ ಡೋಸಿನ ಸಿರಿಂಜು ಇದೆಯೇ ಎಂದು ಕೇಳಿದೆ. ಇಲ್ಲ, ಬಂದ ಕೆಲವನ್ನು ಪುಟ್ಟ ಮಕ್ಕಳಿಗೆಂದು ತೆಗೆದಿರಿಸಿದ್ದೇವೆ ಎಂದರು. ಕಾಯುತ್ತೀರಾ ಎಂದೂ ಕೇಳಿದರು. ಯಾವಾಗ ಬರುವುದೆಂದು ಹೇಳಲಾಗದ ಒಂದಕ್ಕಾಗಿ ಕೈಗೆ ಬಂದದ್ದನ್ನು ಬಿಡುವುದು ನನಗೆ ಸರಿಯೆನಿಸಲಿಲ್ಲ. ಜ್ವರ ಬಂದು ಬಸುರಿಯ ಶ್ವಾಸಕೋಶ ಕೆಟ್ಟರೆ ಆಗುವ ಅಪಾಯದ ಮುಂದೆ ಆ ಅತ್ಯಲ್ಪ ಪ್ರಮಾಣದ ಸಂರಕ್ಷಕ ನನ್ನ ಮಟ್ಟಿಗೆ ಲೆಕ್ಕಕ್ಕಿರಲಿಲ್ಲ. ಮೂಗಿಗೆ ಸಿಂಪಡಿಸುವ ಫ್ಲೂಮಿಸ್ಟ್ ಎಂಬುದೊಂದು ಬೇರೆ ಲಸಿಕೆಯೂ ಆ ವರ್ಷ ಇತ್ತಾದರೂ, ಅದರಲ್ಲಿ ಜೀವಂತ ವೈರಸ್ ಇದ್ದು, 5ರಿಂದ 49 ವರ್ಷದ ಆರೋಗ್ಯವಂತರಿಗಷ್ಟೇ ಅನುಮತಿಯಿತ್ತು. ನಮ್ಮಿಬ್ಬರಿಗೂ ಅದು ಸಲ್ಲದು.

ಲಸಿಕೆ ಹಾಕುವ ಮೇಜಿನಲ್ಲಿ ನಾನು ಗಮನಿಸಿದ್ದು ದಾದಿಯ ಲೆಕ್ಕಾಚಾರವನ್ನು. ಶೀಶೆಯ ಪಕ್ಕದಲ್ಲಿ ಒಂದು ಚೂರು ಕಾಗದವಿಟ್ಟುಕೊಂಡು, ಪ್ರತಿ ಸಲ ಅರ್ಧ ಮಿಲಿಲೀಟರ್ ಎಳೆದಾಗಲೂ ಒಂದು ಗೆರೆ ಎಳೆಯುತ್ತಿದ್ದರು. ನಾಲ್ಕು ಗೆರೆಯ ಮೇಲೆ ಅಡ್ಡಗೆರೆ, ಅಂಥ ಎರಡು ಕಟ್ಟು ಬಂದರೆ ಶೀಶೆ ಖಾಲಿ. ಅಮ್ಮನದು ಒಂದು ಶೀಶೆಯ ಕೊನೆಯ ಡೋಸು. ದಾದಿ ಶೀಶೆಯನ್ನು ತಲೆಕೆಳಗಾಗಿ ಹಿಡಿದು, ಬೆಳಕಿಗೆ ಎತ್ತಿ, ಸೂಜಿಯ ತುದಿಯನ್ನು ರಬ್ಬರಿನ ಮುಚ್ಚಳದ ಅಂಚಿಗೆ ಸರಿಸಿ, ಗಾಜಿಗೆ ಅಂಟಿದ್ದ ಹನಿಗಳನ್ನು ಬೆರಳಿನಿಂದ ತಟ್ಟಿ ಇಳಿಸಿಕೊಂಡು ಎಳೆದರು. ಗೆರೆಯವರೆಗೆ ಬಂದಿದೆಯೇ ಎಂದು ಎರಡು ಸಲ ನೋಡಿ, ಬಂದ ಮೇಲೆಯೇ ಅಮ್ಮನ ರವಿಕೆಯ ತೋಳನ್ನು ಮೇಲೆ ಸರಿಸಲು ಹೇಳಿದರು. ಬೇರೆ ವರ್ಷ ಯಾರೂ ಹೀಗೆ ಹನಿ ಎಣಿಸುತ್ತಿರಲಿಲ್ಲ ಎಂದು ಅವರೇ ನಗುತ್ತ ಹೇಳಿದರು. ಆಮೇಲೆ ಹದಿನೈದು ನಿಮಿಷ ಕುಳಿತಿರಬೇಕೆಂದು ಕಳಿಸಿದ ಕೋಣೆಯಲ್ಲಿ ಅಮ್ಮ ಅಕ್ಕಪಕ್ಕದವರ ಜೊತೆ ಯಾವ ಭಾಷೆಯೂ ಇಲ್ಲದೆ ಮಂಡಿನೋವಿನ ವಿಚಾರ ವಿನಿಮಯ ಮಾಡಿಕೊಂಡರು. ಮಾರನೆಯ ದಿನ ಇಬ್ಬರಿಗೂ ತೋಳು ನೋಯುತ್ತಿತ್ತು, ಅಮ್ಮನಿಗೆ ಸ್ವಲ್ಪ ಮೈಕೈ ನೋವು. ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ. ತಾಯಿಗೆ ಹಾಕಿದ ಫ್ಲೂ ಲಸಿಕೆಯು ಹುಟ್ಟುವ ಮಗುವನ್ನೂ ಕಾಪಾಡುತ್ತದೆ ಎಂಬುದನ್ನು ಬಾಂಗ್ಲಾದೇಶದಲ್ಲಿ ನಡೆದ ಅಧ್ಯಯನವೊಂದು 2008ರಲ್ಲಿ ತೋರಿಸಿತು. ನಾನು ಹಾಕಿಸಿಕೊಂಡಾಗ ಅದು ಬರೀ ಆಶೆಯಾಗಿತ್ತು.

ಬೇರೆ ಕಡೆಗಳಲ್ಲಿ ಬೇರೆ ಉಪಾಯಗಳು ನಡೆದವು. ನ್ಯೂಜೆರ್ಸಿಯ ಬ್ಲೂಮ್‌ಫೀಲ್ಡ್ ಎಂಬ ಊರು ತನಗೆ ದೊರೆತ 300 ಡೋಸುಗಳನ್ನು ಅರ್ಹರ ನಡುವೆ ಚೀಟಿ ಎತ್ತಿ ಹಂಚಿತು. ಆಗ ಅದನ್ನು ಅನೇಕರು ಗೇಲಿ ಮಾಡಿದರು, ಆದರೆ ಹಾಸಿಗೆ ಹಿಡಿದ ಮುದುಕಿಗೂ ಓಡಾಡುವ ಮುದುಕನಿಗೂ ಸಮಾನ ಅವಕಾಶ ಕೊಟ್ಟದ್ದು ಆ ಪದ್ಧತಿಯೇ ಎಂದು ನನ್ನ ಅಭಿಪ್ರಾಯ. ಪಟ್ಟಿಯಲ್ಲಿಲ್ಲದವರಿಗೆ ಲಸಿಕೆ ಹಾಕಿದ ವೈದ್ಯರಿಗೆ ದಂಡ ವಿಧಿಸುವ ಆಜ್ಞೆಗಳನ್ನು ಕೆಲವು ರಾಜ್ಯಗಳು ಹೊರಡಿಸಿದವು. ದುಡ್ಡಿದ್ದವರು ಗಡಿ ದಾಟಿ ಕೆನಡಾಕ್ಕೆ ಹೋಗಿ ಹಾಕಿಸಿಕೊಂಡು ಬಂದರು.

ನವೆಂಬರ್ ಕಳೆಯುವಷ್ಟರಲ್ಲಿ ಚಿತ್ರ ಬೇರೆಯಾಗತೊಡಗಿತು. ಸಾಲುಗಳು ಕರಗಿದವು. ಹುಷಾರಿಲ್ಲದವರು ಬಂದುಹೋಗಿ ಸುಸ್ತಾಗಿದ್ದರು, ಹುಷಾರಾಗಿದ್ದವರು ಸರ್ಕಾರದ ಮಾತಿಗೆ ಬೆಲೆಕೊಟ್ಟು ದೂರ ಉಳಿದಿದ್ದರು. ಡಿಸೆಂಬರಿನಲ್ಲಿ ಸಿಡಿಸಿಯು, ಎಲ್ಲಿ ಲಸಿಕೆ ಸಾಕಷ್ಟಿದೆಯೋ ಅಲ್ಲಿ 2005ರ ಜನವರಿ 3ರಿಂದ 50 ವರ್ಷ ದಾಟಿದವರಿಗೂ, ಅಪಾಯವಿರುವವರ ಮನೆಯವರಿಗೂ ಕೊಡಬಹುದೆಂದು ಪಟ್ಟಿಯನ್ನು ಹಿಗ್ಗಿಸಿತು. ಜನವರಿ ಮುಗಿಯುವ ಹೊತ್ತಿಗೆ ನಿರ್ಬಂಧಗಳನ್ನೇ ತೆಗೆದುಹಾಕುವ ಸಲಹೆ ಬಂತು. ಜಗಳ ಮಾಡಿ, ಬಿದ್ದು, ಬೇಡಿ ಪಡೆದ ವಸ್ತು ಎರಡೇ ತಿಂಗಳಲ್ಲಿ ಕೇಳುವವರಿಲ್ಲದೆ ಶೀತಪೆಟ್ಟಿಗೆಯಲ್ಲಿ ಉಳಿಯಿತು. ಋತು ಮುಗಿದರೆ ಅದನ್ನು ಎಸೆಯಬೇಕು, ಮುಂದಿನ ವರ್ಷದ ಲಸಿಕೆಯೇ ಬೇರೆ. ಕೊರತೆಯೆಂದು ಒಮ್ಮೆ ಜನರ ಮನಸ್ಸಿನಲ್ಲಿ ಕೂತ ಮೇಲೆ ಈಗ ಇದೆ ಬನ್ನಿ ಎಂಬ ಮಾತು ಅಷ್ಟೇ ವೇಗದಲ್ಲಿ ಅವರನ್ನು ತಲುಪುವುದಿಲ್ಲ.

ನಮ್ಮ ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರಿದ್ದರು, ಒಂಟಿ ಜೀವ, ಹೃದಯದ ತೊಂದರೆ. ಮೊದಲ ಶಿಬಿರದಿಂದ ಅವರೂ ಬರಿಗೈಯಲ್ಲಿ ಬಂದಿದ್ದರು. ಎರಡನೆಯದಕ್ಕೆ ಚೀಟಿ ತರುತ್ತೇವೆಂದು ನಾವು ಕೇಳಿದಾಗ, ತನಗಿಂತ ಹೆಚ್ಚು ಬೇಕಾದವರು ಇದ್ದಾರೆ, ಅವರಿಗಿರಲಿ ಎಂದು ಒಪ್ಪಲಿಲ್ಲ. ಅಂಥ ಮಾತನ್ನಾಡಿದ ವೃದ್ಧರು ದೇಶದ ತುಂಬ ಇದ್ದರೆಂದು ಆಮೇಲೆ ನಡೆದ ಸಮೀಕ್ಷೆಗಳಿಂದ ತಿಳಿಯಿತು. ಅಮ್ಮನಿಗೆ ಇದನ್ನು ಅನುವಾದಿಸಿ ಹೇಳಿದಾಗ, "ಎಂಬತ್ತು ವರ್ಷದೋರಿಗಿಂತ ಹೆಚ್ಚು ಬೇಕಾದೋರು ಯಾರಂತೆ, ಕೇಳು" ಎಂದು ನನ್ನ ಮೇಲೇ ರೇಗಿದರು. ಕೇಳುವ ಧೈರ್ಯ ನನಗಾಗಲಿಲ್ಲ.

ಜನವರಿ ನಡುವೆ ನಮ್ಮ ಮಗಳು ಹುಟ್ಟಿದಳು. ಆರು ತಿಂಗಳೊಳಗಿನ ಕೂಸಿಗೆ ಲಸಿಕೆ ಹಾಕುವಂತಿಲ್ಲವಾದ್ದರಿಂದ ಮನೆಯವರೇ ಹಾಕಿಸಿಕೊಂಡು ಅದರ ಸುತ್ತ ಕಾವಲಾಗಬೇಕು. ಅಕ್ಟೋಬರಿನ ಪಟ್ಟಿಯ ಪ್ರಕಾರವೇ ನನ್ನ ಪತಿ ಈಗ ಅರ್ಹರಾಗಿದ್ದರು. ಅವರು ಕೌಂಟಿಯ ಶಿಬಿರಕ್ಕೆ ಮಗುವಿನ ಆಸ್ಪತ್ರೆ ಕಾಗದಗಳನ್ನೆಲ್ಲ ಜೋಡಿಸಿಕೊಂಡು ಹೊರಟಾಗ ಅಮ್ಮ, "ಪಕ್ಕದ ಮನೆಯೋರನ್ನೂ ಕರ್ಕೊಂಡು ಹೋಗಿ ಅಂತ ಅಳಿಯಂದ್ರಿಗೆ ಹೇಳು, ಈ ಸಲ ಕೇಳೋದು ಬೇಡ, ಕಾರಲ್ಲಿ ಕೂರಿಸ್ಕೊಂಡ್ ಬಿಡ್ಲಿ" ಎಂದರು. ಶಿಕ್ಷಕಿ ಮತ್ತೆ ಅದೇ ಮಾತು ಹೇಳಿದರಂತೆ. ಅಲ್ಲಿ ಯಾರೂ ಇಲ್ಲ, ಲಸಿಕೆ ಉಳಿದುಬಿಟ್ಟಿದೆ ಎಂದು ಹೇಳಿದ ಮೇಲೆ ಕೋಟು ತೊಟ್ಟುಕೊಂಡು ಹೊರಟರು. ಭವನದಲ್ಲಿ ದಾದಿಯರು ಮೂವರು, ಬಂದವರು ಇವರಿಬ್ಬರೂ ಇನ್ನೊಬ್ಬರೂ. ಕಾಗದಗಳನ್ನು ಯಾರೂ ನೋಡಲಿಲ್ಲ, ಇನ್ನೂ ಹಾಕಿಸಿಕೊಳ್ಳದವರು ಪರಿಚಯದಲ್ಲಿದ್ದರೆ ದಯವಿಟ್ಟು ಕಳಿಸಿಕೊಡಿ ಎಂದು ಒಂದು ಕಟ್ಟು ಕರಪತ್ರ ಕೊಟ್ಟು ಕಳಿಸಿದರು. ಅದು ಜನವರಿಯ ಕೊನೆಯ ವಾರ. ಲಸಿಕೆ ಮೈಗೆ ಹತ್ತಲು ಎರಡು ವಾರ ಬೇಕು, ಮತ್ತು ಆ ಚಳಿಗಾಲದ ಫ್ಲೂ ದೇಶದಲ್ಲಿ ತನ್ನ ತುತ್ತತುದಿ ಮುಟ್ಟಿದ್ದು ಫೆಬ್ರವರಿಯಲ್ಲಿ.